ಕೋಟೆ ಕರಗಿದ್ದು ಚಾವಣಿ ಹೋದ ಮೇಲೆ

ಮಾನ್ಯ ಸಂಪಾದಕರೇ,

ಅಮೆರಿಕದ ಪಶ್ಚಿಮ ಪ್ರಾಂತ್ಯದ ಸೇನಾ ಕೋಟೆ ಎಂದರೆ ಚೂಪು ದಿಮ್ಮಿಗಳ ಎತ್ತರದ ಬೇಲಿ ಎಂಬ ಕಲ್ಪನೆ ಸಿನಿಮಾ ಕೊಟ್ಟದ್ದು. ಅಲ್ಲಿನ ಎಷ್ಟೋ ಕೋಟೆಗಳಿಗೆ ಸುತ್ತುಗೋಡೆಯೇ ಇರಲಿಲ್ಲ. ನ್ಯೂ ಮೆಕ್ಸಿಕೊದ ಫೋರ್ಟ್ ಯೂನಿಯನ್ನನ್ನೇ ನೋಡಿ: ಕವಾಯತು ಮೈದಾನ, ಅಧಿಕಾರಿಗಳ ಮನೆಗಳ ಸಾಲು, ಸಿಪಾಯಿಗಳ ಬ್ಯಾರಕ್ಕು, ಪಕ್ಕದಲ್ಲಿ ಸುತ್ತಲ ಠಾಣೆಗಳಿಗೆಲ್ಲ ಸರಕು ಒದಗಿಸುವ ದೊಡ್ಡ ಉಗ್ರಾಣ. ಸಾಂತಾ ಫೆ ಎಂಬ ಹಳೆಯ ವ್ಯಾಪಾರ ದಾರಿಯ ಎರಡು ಕವಲು ಕೂಡುವ ಜಾಗವದು.

ಒಂದೇ ಹೆಸರಿನಲ್ಲಿ ಅಲ್ಲಿ ಎದ್ದದ್ದು ಮೂರು ಕೋಟೆ. 1851ರಲ್ಲಿ ಸೇನಾಧಿಕಾರಿ ಎಡ್ವಿನ್ ಸಮ್ನರ್ ಕಟ್ಟಿಸಿದ್ದು ಒಣಗದ, ತೊಗಟೆಯನ್ನೂ ಸುಲಿಯದ ಪೈನ್ ದಿಮ್ಮಿಗಳದ್ದು. ಕೆಲವೇ ವರ್ಷಕ್ಕೆ ಕೊಳೆಯಿತು. 1861ರಲ್ಲಿ ಅಂತರ್ಯುದ್ಧದ ಅವಸರಕ್ಕೆ ನಕ್ಷತ್ರದಾಕಾರದ ಮಣ್ಣಿನ ದಿಬ್ಬ ಎದ್ದಿತು. ಪಕ್ಕದ ಗುಡ್ಡದಿಂದ ಫಿರಂಗಿ ಗುಂಡು ನೇರ ಒಳಗೇ ಬೀಳುವಂಥ ಜಾಗ! ಪುಣ್ಯಕ್ಕೆ 1862ರ ಮಾರ್ಚ್‌ನಲ್ಲಿ ಗ್ಲೋರಿಯೆಟಾ ಕಣಿವೆಯಲ್ಲಿ ಸರಕಿನ ಬಂಡಿಗಳನ್ನು ಸುಡಿಸಿಕೊಂಡ ದಕ್ಷಿಣದ ಬಂಡಾಯ ರಾಜ್ಯಗಳ ಸೇನೆ ಹಿಂದಿರುಗಿತು, ದಿಬ್ಬದ ಪರೀಕ್ಷೆಯೇ ಆಗಲಿಲ್ಲ.

ಇಂದು ಕಾಣುವ ಅವಶೇಷ ಬಹುಪಾಲು 1863ರಿಂದ ಕಟ್ಟಿದ ಮೂರನೆಯದರದ್ದು. ಕಲ್ಲಿನ ಅಡಿಪಾಯ, ಹಸಿ ಇಟ್ಟಿಗೆಯ ಗೋಡೆ, ಹೊರಗೆ ಸುಣ್ಣದ ಗಾರೆ, ಗೋಡೆಯ ನೆತ್ತಿಗೆ ಸುಟ್ಟ ಇಟ್ಟಿಗೆಯ ವರಸೆ. 1879ರಲ್ಲಿ ರೈಲು ಬಂದಾಗ ಉಗ್ರಾಣದ ಕೆಲಸ ಕುಗ್ಗಿತು, 1891ರಲ್ಲಿ ಸೇನೆ ಹೊರಟಿತು. ಆಮೇಲೆ ಜನ ಚಾವಣಿಯ ತೊಲೆ, ಬಾಗಿಲು, ಕಿಟಕಿ ಕಿತ್ತುಕೊಂಡು ಹೋದರು. ನೆತ್ತಿಯ ಇಟ್ಟಿಗೆ ಹೋದಲ್ಲಿ ಮಳೆನೀರು ಮೇಲಿಂದಲೇ ಇಳಿದು ಕೊರಕಲು ಬೀಳಿಸಿತು. ಬುಡದಲ್ಲಿ ಹಿಮ ನಿಂತು ತೇವ ಮೇಲೇರಿ, ಒಣಗುವಾಗ ಉಪ್ಪು ಹರಳುಗಟ್ಟಿ ಮಣ್ಣನ್ನು ಉದುರಿಸಿತು. ಬುಡ ಟೊಳ್ಳಾದ ಗೋಡೆ ತನ್ನ ಭಾರಕ್ಕೇ ಮಗುಚಿತು. ಗೋಡೆ ಕರಗಿದಲ್ಲಿ ಸುಟ್ಟ ಇಟ್ಟಿಗೆಯ ಹೊಗೆಗೂಡು ಮಾತ್ರ ಒಂಟಿಯಾಗಿ ನಿಂತಿದೆ. ನಮ್ಮ ಮಾಳಿಗೆ ಮನೆಗಳಲ್ಲಿ ಬಾಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇಂಥ ಗೋಡೆಗೆ ಸಿಮೆಂಟು ಬಳಿಯುವುದು ದೊಡ್ಡ ತಪ್ಪು. ಸಿಮೆಂಟು ತೇವವನ್ನು ಹೊರಬಿಡದು. ಹೊರಗೆ ಗಟ್ಟಿ ಕಂಡರೂ ಹಿಂದಿನ ಮಣ್ಣು ಕೆಸರಾಗಿರುತ್ತದೆ. ಅಲ್ಲಿ ಈಗ ಅನುಸರಿಸುವ ಕ್ರಮ ಮಣ್ಣಿನದೇ ಮೇಲ್ಪದರ: ಮಳೆಗೆ ಅದೇ ಸವೆಯಲಿ, ಒಳಗಿನ ಹಳೆ ಇಟ್ಟಿಗೆ ಉಳಿಯಲಿ ಎಂದು. ಸವೆದಾಗ ಮತ್ತೆ ಬಳಿಯಬೇಕು. ಬುಡದ ನೆಲವನ್ನೂ ನೀರು ಗೋಡೆಯಿಂದಾಚೆ ಹರಿಯುವಂತೆ ಇಳಿಜಾರು ಮಾಡಬೇಕು, ಇಲ್ಲದಿದ್ದರೆ ಮೇಲೆ ಎಷ್ಟು ಬಳಿದರೂ ಕೆಳಗಿನಿಂದ ತೇವ ಏರುತ್ತಲೇ ಇರುತ್ತದೆ.

– ಓದುಗ, ಧಾರವಾಡ