'ಬ್ರಿಟಿಷರೇ ವಾಸಿ' ಅನ್ನುವವರಿಗೆ

ಸಂಪಾದಕರೇ,

ರಸ್ತೆ ಕಿತ್ತುಹೋದರೆ, ಯಾರಾದರೂ ಲಂಚ ಕೇಳಿದರೆ, 'ಇದಕ್ಕಿಂತ ಬ್ರಿಟಿಷರೇ ವಾಸಿ' ಅನ್ನುವ ಮಾತು ಈಚೆಗೆ ಜಾಸ್ತಿ ಕೇಳಿಸುತ್ತಿದೆ. ಸಿಟ್ಟಿನಲ್ಲಿ ಬರುವ ಮಾತು, ಗೊತ್ತು. ಆದರೂ ಮನಸ್ಸಿಗೆ ನೋವಾಗುತ್ತದೆ, ಅದಕ್ಕೇ ಈ ಪತ್ರ.

ರೈಲು ಕೊಟ್ಟರು ಅನ್ನುತ್ತಾರೆ. ಸುಮ್ನೆ ಕೊಡಲಿಲ್ಲ. ದುಡ್ಡು ಹಾಕಿದ ಇಂಗ್ಲೆಂಡಿನ ಕಂಪನಿಗಳಿಗೆ ವರ್ಷಕ್ಕೆ ಶೇ 5ರಷ್ಟು ಲಾಭ ಖಾತ್ರಿ ಅಂತ ಬರೆದುಕೊಟ್ಟಿದ್ದರು, ಅಷ್ಟು ಹುಟ್ಟದಿದ್ದರೆ ಕಮ್ಮಿ ಬಿದ್ದದ್ದನ್ನು ಇಲ್ಲಿನ ಜನ ಕಟ್ಟಿದ ತೆರಿಗೆಯಿಂದ ತುಂಬಿಕೊಡುತ್ತಿದ್ದರು.

ರೈಲಿನ ಮಾತು ಬಿಡಿ, 1943ರ ಬಂಗಾಳದ ಕ್ಷಾಮ ನೋಡಿ. ಸುಮಾರು 30 ಲಕ್ಷ ಜನ ಸತ್ತರು ಅಂತ ಅಂದಾಜು. ಧಾನ್ಯ ಕಳಿಸಿ ಎಂದು ಅವರದೇ ವೈಸ್‌ರಾಯ್ ಕೇಳಿದರೂ ಲಂಡನ್ನಿನ ಯುದ್ಧ ಮಂತ್ರಿಮಂಡಲ ಕೇಳಿದಷ್ಟು ಕಳಿಸಲಿಲ್ಲ. ಸತ್ತವರ ಮನೆಯವರು ಆ ಮಂತ್ರಿಗಳನ್ನು ಕುರ್ಚಿಯಿಂದ ಇಳಿಸಲು ಆಗುತ್ತಿತ್ತೇ? ಅವರ ಕೈಯಲ್ಲಿ ವೋಟೇ ಇರಲಿಲ್ಲ. ಸ್ವಾತಂತ್ರ್ಯ ಬಂದ ಮೇಲೂ ಬರಗಾಲ ಬಂದಿದೆ, ಹಸಿವು ಇನ್ನೂ ಇದೆ, ಆದರೆ ಅಷ್ಟು ದೊಡ್ಡ ಕ್ಷಾಮ ಮತ್ತೆ ಆಗಲಿಲ್ಲ.

ಬ್ರಿಟಿಷರ ಕಾಲದ ಚುನಾವಣೆಗಳಲ್ಲಿ ಆಸ್ತಿ, ತೆರಿಗೆ, ಓದು ಇದ್ದ ಕೆಲವರಿಗಷ್ಟೇ ಮತ. 1951-52ರ ಮೊದಲ ಮಹಾಚುನಾವಣೆಯಲ್ಲಿ 21 ತುಂಬಿದ ಎಲ್ಲರಿಗೂ, 17 ಕೋಟಿಗೂ ಮೀರಿದ ಜನಕ್ಕೆ ಮತ. ಅವರಲ್ಲಿ ಹೆಚ್ಚಿನವರಿಗೆ ಓದಲು ಬರುತ್ತಿರಲಿಲ್ಲ. ಹಾಗಾಗಿ ಗುರುತು ಅಂಟಿಸಿದ ಪೆಟ್ಟಿಗೆಗಳನ್ನು ಸಾಲಾಗಿ ಇಟ್ಟರು, ತಮಗೆ ಬೇಕಾದ ಪೆಟ್ಟಿಗೆಗೆ ಚೀಟಿ ಹಾಕಿದರೆ ಆಯಿತು. ಕೂಲಿಯವನ ಚೀಟಿಗೂ ಜಮೀನ್ದಾರನ ಚೀಟಿಗೂ ಒಂದೇ ಬೆಲೆ.

ಇನ್ನೊಂದು ಸಂಗತಿ ನನ್ನನ್ನು ಬಹಳ ಕಾಡುತ್ತದೆ. ಆಗ ಲಕ್ಷಾಂತರ ಹೆಂಗಸರು ಪಟ್ಟಿಯಲ್ಲಿ ತಮ್ಮ ಹೆಸರು ಹೇಳಲಿಲ್ಲ, ಇಂಥವರ ಹೆಂಡತಿ, ಇಂಥವರ ತಾಯಿ ಅಂತಲೇ ಬರೆಸಿದರು. ಚುನಾವಣಾ ಆಯೋಗ ಒಪ್ಪಲಿಲ್ಲ. ಸ್ವಂತ ಹೆಸರು ಬೇಕೇ ಬೇಕು ಅಂದಿತು, ಕೊಡದ ಸುಮಾರು 28 ಲಕ್ಷ ಹೆಂಗಸರನ್ನು ಪಟ್ಟಿಯಿಂದ ತೆಗೆದೇಬಿಟ್ಟಿತು. ಅವರಿಗೆ ವೋಟು ತಪ್ಪಿದ್ದು ಬೇಸರದ ವಿಷಯವೇ. ಆದರೆ ಯೋಚಿಸಿ, ನಿನ್ನ ಹೆಸರೇನಮ್ಮಾ ಎಂದು ಹಟ ಹಿಡಿದು ಕೇಳಿದ ಸರ್ಕಾರ ಅದಕ್ಕೆ ಮುಂಚೆ ಯಾವುದಿತ್ತು?

ಅಂದು ಮೊದಲ ಸಲ ವೋಟು ಹಾಕಿದವರು ಈಗ ತೊಂಬತ್ತು ದಾಟಿರುತ್ತಾರೆ. ಉಳಿದಿರುವವರು ಕೆಲವೇ ಮಂದಿ, ಅಲ್ವಾ? ಈ ಸಲದ ಆಗಸ್ಟ್ 15ರ ಸಂಚಿಕೆಯಲ್ಲಿ ಬಾವುಟದ ಚಿತ್ರದ ಜೊತೆಗೆ ಅವರ ಮಾತನ್ನೂ ಹಾಕಿ. ಆ ದಿನ ಯಾವ ಸೀರೆ ಉಟ್ಟಿದ್ದರು, ಎಷ್ಟು ದೂರ ನಡೆದರು, ಪೆಟ್ಟಿಗೆಯ ಮುಂದೆ ನಿಂತಾಗ ಏನನ್ನಿಸಿತು, ಎಲ್ಲವನ್ನೂ ಕೇಳಿ ಬರೆಸಿ.

ಇಂತಿ,
ನಿಮ್ಮ ಓದುಗ