ಆ ಒಂದು ಶೆಲ್ಫ್ ವಾಪಸ್ ಕೊಡಿ

ಮಾನ್ಯ ನಗರಸಭಾ ಸದಸ್ಯರೇ,

ನಮಸ್ಕಾರ. ನಮ್ಮ ಲೈಬ್ರರಿಯಿಂದ ತೆಗೆದ ಒಂದು ಶೆಲ್ಫಿನ ಬಗ್ಗೆ ಎರಡು ವರ್ಷದಲ್ಲಿ ನಿಮಗೆ ಮೂರು ಸಲ ಇಂಗ್ಲಿಷಿನಲ್ಲಿ ಬರೆದೆ. ಒಂದಕ್ಕೂ ಉತ್ತರ ಬರಲಿಲ್ಲ. ಈಗ ಕನ್ನಡದಲ್ಲಿ, ಎಲ್ಲರಿಗೂ ಕಾಣುವ ಹಾಗೆ ಬರೆಯುತ್ತಿದ್ದೇನೆ. ಕೆನಡಾದ ಈ ಸಸ್ಕಾಚೆವಾನ್ ಪ್ರಾಂತ್ಯದಲ್ಲಿರುವ ನಮ್ಮ ಜನರೂ ಓದಲಿ. ಇಂಗ್ಲಿಷ್ ಪ್ರತಿಯನ್ನು ನಾನೇ ತಂದು ಕೊಡುತ್ತೇನೆ.

ನಮ್ಮ ಬಡಾವಣೆಯ ಲೈಬ್ರರಿಯಲ್ಲಿ ಮಕ್ಕಳ ಫ್ರೆಂಚ್ ಹಾಡುಗಳ ಸಿಡಿಗಳಿಗೆ ಒಂದು ಶೆಲ್ಫ್ ಇತ್ತು. ಒಂದೇ ಒಂದು. ಮಗಳು ಫ್ರೆಂಚ್ ಇಮ್ಮರ್ಶನ್ ಶಾಲೆಗೆ, ಅಂದರೆ ಪಾಠಗಳನ್ನು ಫ್ರೆಂಚಿನಲ್ಲೇ ಮಾಡುವ ಶಾಲೆಗೆ ಸೇರಿದಾಗ ನನಗಾಗಲಿ ನಮ್ಮ ಮನೆಯವರಿಗಾಗಲಿ ಫ್ರೆಂಚ್ ಒಂದಕ್ಷರ ಬರುತ್ತಿರಲಿಲ್ಲ. ಮಗು ಮನೆಗೆ ಬಂದು ಬ್ಯಾಗ್ ಎಸೆದು ಅಳುತ್ತಿತ್ತು. ಆಗ ನಮ್ಮ ಕೈಹಿಡಿದದ್ದು ಆ ಶೆಲ್ಫಿನಲ್ಲಿ ಸಿಕ್ಕ ಗಾಯಕಿ ಕಾರ್ಮೆನ್ ಕಾಂಪಾನ್ಯ ಅವರ ಹಾಡು. ‘ಲಾ ವಾಶ್ ಆನ್ ಅಲಾಸ್ಕಾ’, ಅಂದರೆ ಅಲಾಸ್ಕಾದ ಹಸು. ಕಾರು ಹತ್ತಿದರೆ ಅದೇ ಬೇಕು. ಮೈನಸ್ 30ರ ಚಳಿಯಲ್ಲಿ ಗಾಜಿನ ಮೇಲಿನ ಹಿಮ ಕೆರೆಯುತ್ತಾ ನಾನೂ ಕಲಿತುಬಿಟ್ಟೆ.

ಎರಡು ವರ್ಷದ ಹಿಂದೆ ಒಂದು ಶನಿವಾರ ಹೋದರೆ ಶೆಲ್ಫೇ ಇಲ್ಲ. ಬಾಗಿಲ ಹತ್ತಿರ ರಟ್ಟಿನ ಡಬ್ಬಿ, ಒಂದಕ್ಕೆ ಒಂದು ಡಾಲರ್. ಮಗಳೇ ಅದರೊಳಗೆ ಕೈಹಾಕಿ ತನ್ನ ಸಿಡಿ ಹುಡುಕಿ ತೆಗೆದಳು. ಮೇಲೆ ಕೆಂಪು ಸೀಲು: ರದ್ದು. ‘ಅಮ್ಮ, ಇವರನ್ನ ಯಾಕೆ ಬಿಸಾಕಿದ್ರು?’ ಅಂದಳು. ಏನು ಹೇಳಲಿ?

ಯಾರೂ ಜಾಸ್ತಿ ಒಯ್ಯದಿದ್ದರೆ ತೆಗೆಯಬೇಕು ಅನ್ನೋ ನಿಯಮ ನಿಮಗೆ ಗೊತ್ತೇ ಇದೆ. ಆದರೆ ತೆಗೆದದ್ದು ಯಾರನ್ನು ಅಂತ ಗೊತ್ತಾ? ಕಾರ್ಮೆನ್ ಹೊರಗಿನವರಲ್ಲ, ಸ್ವಾಮಿ. ಇದೇ ಪ್ರಾಂತ್ಯದ ವಿಲ್ಲೋ ಬಂಚ್ ಅನ್ನೋ ಪುಟ್ಟ ಊರಲ್ಲಿ ಬೆಳೆದವರು. ಅವರು ಹುಟ್ಟಿದ್ದು 1959ರಲ್ಲಿ. ಇಲ್ಲಿ ಫ್ರೆಂಚಿನಲ್ಲಿ ಪಾಠ ಮಾಡಲು ಕಾನೂನು ಮತ್ತೆ ಒಪ್ಪಿದ್ದು 1968ರಲ್ಲಿ. ಶಾಲೆಯಲ್ಲಿ ಜಾಗವಿಲ್ಲದ ಭಾಷೆಯನ್ನು ಮನೆಯಲ್ಲಿ ಉಳಿಸಿಕೊಳ್ಳುವ ಕಷ್ಟ ನಮ್ಮಂಥವರಿಗೂ ಗೊತ್ತು. ಕಾರ್ಮೆನ್ ಮೊದಲು ಒಡಹುಟ್ಟಿದವರ ಜೊತೆ ಹಾಡಿದರು, ಆಮೇಲೆ ಮಕ್ಕಳಿಗಾಗಿ. ಇದೇ ಪ್ರಾಂತ್ಯದ ರೆಜೈನಾ ಊರಿನ ಗಾಯಕಿ ಕಾನಿ ಕಾಲ್ಡರ್ ಜೊತೆ ಮಾಡಿದ ಜೋಗುಳಗಳ ಆಲ್ಬಮ್ಮಿಗೆ 1989ರಲ್ಲಿ ಕೆನಡಾದ ಸಂಗೀತ ಪ್ರಶಸ್ತಿಯಾದ ಜೂನೋ ಬಂತು. ದೂರದ, ಫ್ರೆಂಚ್ ಮಾತಾಡುವ ಕೆಬೆಕ್ ಪ್ರಾಂತ್ಯದ ಮಕ್ಕಳೂ ಅವರ ಹಾಡು ಹಾಡಿದರು. 2018ರಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡಾಗ ಬರೀ 58 ವರ್ಷ. ಅಂಥವರಿಗೆ ಅವರ ಸ್ವಂತ ಪ್ರಾಂತ್ಯದಲ್ಲೇ ಒಂದು ಗೇಣು ಜಾಗ ಇಲ್ವಾ?

‘ಎಲ್ಲಾ ಫೋನಲ್ಲೇ ಸಿಗುತ್ತಲ್ವಾ’ ಅಂತ ಕೌಂಟರಿನಲ್ಲಿ ಹೇಳಿದರು. ಹೆಸರು ಗೊತ್ತಿದ್ದರೆ ತಾನೇ ಹುಡುಕೋದು? ಆ ಹೆಸರು ನಮಗೆ ಸಿಕ್ಕಿದ್ದೇ ಆ ಶೆಲ್ಫಿನಲ್ಲಿ. ಅದನ್ನು ವಾಪಸ್ ಇಡಿಸಿ.

ಈ ಸೆಪ್ಟೆಂಬರಿನಲ್ಲಿ ಮಗನೂ ಅದೇ ಶಾಲೆಗೆ ಸೇರಿದ. ಅವನೂ ಬ್ಯಾಗ್ ಎಸೆಯುತ್ತಾನೆ. ಅಂದು ಒಂದು ಡಾಲರ್ ಕೊಟ್ಟು ತಂದ ಸಿಡಿಗೆ ಗೀರು ಬಿದ್ದು, ಮೂರನೇ ಹಾಡಿಗೆ ಬಂದು ನಿಂತುಬಿಡುತ್ತದೆ.

ಬುಧವಾರ ನಿಮ್ಮ ಕಚೇರಿಗೆ ಬರುತ್ತೇನೆ, ಸಿಡಿ ಹಿಡಿದುಕೊಂಡೇ. ಶೆಲ್ಫ್ ಯಾವತ್ತು ವಾಪಸ್ ಬರುತ್ತೆ, ಅದೊಂದು ಹೇಳಿ ಸಾಕು.

ಇಂತಿ,
ಇಬ್ಬರು ಮಕ್ಕಳ ತಾಯಿ