ಪ್ಲಾನ್ ಬರೆಯೋ ಮುಂಚೆ ಒಂದು ಸುತ್ತು ನಡೆದು ಬಾ

ಮೈಸೂರು
ಭಾನುವಾರ ಸಂಜೆ

ಪ್ರೀತಿಯ ಪುಟ್ಟಿ,

ನೀನು ಕಳಿಸಿದ ಯೋಜನೆಯ ಹನ್ನೆರಡು ಪುಟಗಳನ್ನು ಎರಡು ಸಲ ಓದಿದೆ. ಫೋನಿನಲ್ಲೇ ಹೇಳೋಣ ಅಂದುಕೊಂಡೆ. ಆದರೆ ನೀನು ನಡುವೆ ಬಾಯಿ ಹಾಕುತ್ತೀಯ, ನನಗೆ ಹೇಳಬೇಕಾದ್ದು ಮರೆತುಹೋಗುತ್ತದೆ. ಅದಕ್ಕೇ ಈ ಕಾಗದ. ನಿಮ್ಮಮ್ಮನಿಗೂ ತೋರಿಸು. ಈ ವಯಸ್ಸಲ್ಲೂ ಇವನಿಗೆ ಊರ ಉಸಾಬರಿ ಬೇಕಾ ಅಂತ ಬೈಯ್ಯಲಿ.

ನಮ್ಮ ಮೈಸೂರಿನ ಅಂಚಿನ ಹೂಟಗಳ್ಳಿ ಸುತ್ತಮುತ್ತಲಿಗೆ ಆರ್ಥಿಕ ಅಭಿವೃದ್ಧಿ ಯೋಜನೆ ಬರೆಯೋ ಕೆಲಸ ನಿನ್ನ ಪಾಲಿಗೆ ಬಂದಿದ್ದು ನನಗೆ ನಿಜಕ್ಕೂ ಖುಷಿ. ಆದರೆ ನಿನ್ನ ಮೊದಲ ಆರು ಪುಟದಲ್ಲಿ ಹೂಟಗಳ್ಳಿಯೇ ಇಲ್ಲ. ಹೂಡಿಕೆದಾರರ ಸಮಾವೇಶ ಇದೆ, ಬ್ರ್ಯಾಂಡಿಂಗ್ ಇದೆ, ಒಂದು ಲೋಗೋ ಕೂಡ ಇದೆ. ಲೋಗೋ ಚೆನ್ನಾಗಿದೆ. ಊರಿನ ಹೆಸರು ತೆಗೆದು ತುಮಕೂರು ಅಂತ ಹಾಕಿದರೂ ಆ ಆರು ಪುಟ ಹಾಗೇ ನಡೆಯುತ್ತದೆ, ಅಲ್ವಾ?

ದೊಡ್ಡ ಕಂಪನಿ ಕರೆತರೋದು ಒಂದು ನಗರಸಭೆಯ ಕೈಯಲ್ಲಿಲ್ಲ ಪುಟ್ಟಿ. ಜಮೀನು ಕೊಡೋದು ಕೈಗಾರಿಕಾ ಪ್ರದೇಶಗಳ ಮಂಡಳಿ ಕೆಐಎಡಿಬಿ, ರಿಯಾಯಿತಿ ಕೊಡೋದು ರಾಜ್ಯ ಸರ್ಕಾರ, ಕರೆಂಟು ವಿದ್ಯುತ್ ಕಂಪನಿ ಸೆಸ್ಕ್‌ನದು. ನಗರಸಭೆಯ ಕೈಯಲ್ಲಿ ಇರೋದು ನೀರು, ಚರಂಡಿ, ಬೀದಿದೀಪ, ಟ್ರೇಡ್ ಲೈಸೆನ್ಸು, ಆಸ್ತಿ ಖಾತೆ, ಸಂತೆ ಜಾಗ, ಫುಟ್‌ಪಾತು. ಹಾಗಂತ ಇದು ಸಣ್ಣ ಅಧಿಕಾರ ಅಂದುಕೊಳ್ಳಬೇಡ. ಸಂವಿಧಾನದ 1992ರ 74ನೇ ತಿದ್ದುಪಡಿಯಲ್ಲಿ ನಗರ ಸಂಸ್ಥೆಗಳಿಗೆ ಅಂತ ಹದಿನೆಂಟು ವಿಷಯಗಳ ಪಟ್ಟಿ ಇದೆ. ಅದರಲ್ಲಿ ಮೂರನೆಯದೇ ಆರ್ಥಿಕ ಮತ್ತು ಸಾಮಾಜಿಕ ಅಭಿವೃದ್ಧಿಗೆ ಯೋಜನೆ ಮಾಡುವುದು. ಕಾಗದದ ಮೇಲೆ ಹಕ್ಕು ಇದೆ. ನಮ್ಮ ಕಡೆ ಯಾರೂ ಅದನ್ನು ಮುಟ್ಟಿ ನೋಡಿಲ್ಲ, ಅಷ್ಟೇ.

ನೀನು ಮೊದಲು ಒಂದು ಕೆಲಸ ಮಾಡು. ಯಾವುದಾದರೂ ವಾರದ ದಿನ ಬೆಳಿಗ್ಗೆ ಐದೂವರೆಗೆ ಕೂರ್ಗಳ್ಳಿಯ ಕಾರ್ಖಾನೆಗಳ ಕಡೆ ಹೋಗಿ ನಿಂತುಕೋ. ನಾನು ವಾಕಿಂಗ್ ಅಂತ ಹೋಗಿ ನಿಂತಿದ್ದೇನೆ. ರಾತ್ರಿ ಶಿಫ್ಟಿನವರು ಹೊರಗೆ ಬರುತ್ತಾರೆ, ಬೆಳಗಿನವರು ಒಳಗೆ ಹೋಗುತ್ತಾರೆ. ಹುಣಸೂರು ರಸ್ತೆಯಲ್ಲಿ ಇಲವಾಲದ ಕಡೆಯಿಂದ ಬಸ್ಸು, ಟೆಂಪೊ, ಬೈಕು. ಆ ಅರ್ಧ ಗಂಟೆಯಲ್ಲಿ ಅಲ್ಲಿ ಎಷ್ಟು ದುಡ್ಡು ಕೈ ಬದಲಾಯಿಸುತ್ತದೆ ಅಂತ ನೋಡು. ಒಬ್ಬ ಹೆಂಗಸು ಸ್ಕೂಟಿಯ ಮುಂದೆ ಒಂದು, ಹಿಂದೆ ಎರಡು ಅಲ್ಯೂಮಿನಿಯಂ ಡಬ್ಬ ಇಟ್ಟುಕೊಂಡು ಬರುತ್ತಾಳೆ. ಇಡ್ಲಿ, ಚಿತ್ರಾನ್ನ, ಕಾಯಿ ಚಟ್ನಿ. ಮೂರು ಗಂಟೆಗೆ ಏಳುತ್ತಾಳಂತೆ. ಏಳೂವರೆಗೆ ಎಲ್ಲ ಖಾಲಿ. ನಾನೊಂದು ದಿನ ಕೇಳಿದೆ, ಇನ್ನೂ ನಾಲ್ಕು ಕೇಜಿ ಅಕ್ಕಿ ಜಾಸ್ತಿ ನೆನೆಸಬಾರದಾ ಅಂತ. ನಕ್ಕಳು. "ಡಬ್ಬ ತೊಳಿಯೋಕೆ ನೀರೆಲ್ಲಿ ಸಾರ್? ಮನೇಲಿ ಎರಡು ದಿನಕ್ಕೊಂದ್ಸಲ ನಲ್ಲಿ ಬರೋದು. ಇಲ್ಲಿ ಕೈ ತೊಳಿಯೋಕೂ ಜಾಗ ಇಲ್ಲ."

ಆಕೆಯ ವ್ಯಾಪಾರ ಬೆಳೆಯದೆ ನಿಂತಿರೋದು ಬಂಡವಾಳ ಇಲ್ಲದ್ದಕ್ಕಲ್ಲ, ಗಿರಾಕಿ ಇಲ್ಲದ್ದಕ್ಕೂ ಅಲ್ಲ. ಒಂದು ನಲ್ಲಿಗೆ. ನಿನ್ನ ಹನ್ನೆರಡು ಪುಟದಲ್ಲಿ ಆ ನಲ್ಲಿ ಎಲ್ಲಿದೆ?

ಬೀದಿ ವ್ಯಾಪಾರಿಗಳಿಗೆ 2014ರ ಕಾಯ್ದೆ ಇದೆ. ಪಟ್ಟಣ ಮಾರಾಟ ಸಮಿತಿ ಮಾಡಬೇಕು, ಅದರಲ್ಲಿ ಶೇ. 40 ಸದಸ್ಯರು ವ್ಯಾಪಾರಿಗಳೇ ಇರಬೇಕು, ಐದು ವರ್ಷಕ್ಕೊಮ್ಮೆ ಸರ್ವೆ ಆಗಬೇಕು, ವ್ಯಾಪಾರದ ವಲಯ ಗುರುತಿಸಬೇಕು. 2020ರಲ್ಲಿ ಇವರಿಗೇ ಅಂತ ಕೇಂದ್ರದ ಸ್ವನಿಧಿ ಸಾಲ ಬಂದಾಗ ಮೊದಲ ಕಂತು 10,000 ರೂಪಾಯಿ. ಸಾಲ ಒಳ್ಳೆಯದೇ. ಆದರೆ ನಿಲ್ಲೋಕೆ ಜಾಗ ಗ್ಯಾರಂಟಿ ಇಲ್ಲದವರಿಗೆ ಸಾಲ ಕೊಟ್ಟರೆ ಕಂತಿನ ಭಯ ಒಂದು ಜಾಸ್ತಿ ಆಗುತ್ತದೆ.

ಇನ್ನು ನಿನ್ನ ಅಂಕಿಅಂಶದ ಪುಟ. 2011ರ ಜನಗಣತಿ ಹಿಡಿದುಕೊಂಡು ಕೂತಿದ್ದೀಯ. ಆಗ ಹೂಟಗಳ್ಳಿ, ಹಿನಕಲ್ ಎಲ್ಲ ಗ್ರಾಮ ಪಂಚಾಯಿತಿ. ಆಮೇಲೆ ನಗರಸಭೆ ಆಯಿತು, ಇವನ್ನೆಲ್ಲ ಮೈಸೂರಿಗೆ ಸೇರಿಸೋ ಬೃಹತ್ ಮೈಸೂರಿನ ಮಾತೂ ಬಂತು. ಆ ಹಳೇ ಲೆಕ್ಕದಲ್ಲಿ ಇವತ್ತಿನ ಊರು ಸಿಗೋದಿಲ್ಲ. ಹೊಸ ಲೆಕ್ಕ ಪಕ್ಕದಲ್ಲೇ ಬಿದ್ದಿದೆ. ಟ್ರೇಡ್ ಲೈಸೆನ್ಸ್ ರಿಜಿಸ್ಟರ್ ಕೇಳು. ಸೆಸ್ಕ್‌ನವರನ್ನು ಎಲ್‌ಟಿ-3, ಎಲ್‌ಟಿ-5 ಮೀಟರುಗಳು ವಾರ್ಡ್‌ವಾರು ಎಷ್ಟಿವೆ ಅಂತ ಕೇಳು. ಮೊದಲನೆಯದು ಅಂಗಡಿ-ಹೋಟೆಲು, ಎರಡನೆಯದು ಸಣ್ಣ ಕೈಗಾರಿಕೆ. ಎರಡು ಪಟ್ಟಿ ಪಕ್ಕಪಕ್ಕ ಇಟ್ಟರೆ ಲೈಸೆನ್ಸ್ ಇಲ್ಲದೆ ಎಷ್ಟು ಜನ ಬದುಕುತ್ತಿದ್ದಾರೆ ಅಂತ ಗೊತ್ತಾಗುತ್ತದೆ. ಅವರನ್ನು ಹಿಡಿದು ದಂಡ ಹಾಕೋಕಲ್ಲ ಮತ್ತೆ! ಅವರು ಯಾಕೆ ಲೈಸೆನ್ಸ್ ತಗೊಂಡಿಲ್ಲ ಅಂತ ಕೇಳೋಕೆ. ಅರ್ಧ ಜನ ಕಟ್ಟಡದ ಖಾತೆ ಸರಿ ಇಲ್ಲ ಅಂತಾರೆ ನೋಡು.

ಈಗ ನನ್ನ ಕತೆ. ನೀನು ಚಿಕ್ಕವಳಿದ್ದಾಗ ಶೆಡ್ಡಿಗೆ ಬಂದು ಕಬ್ಬಿಣದ ಸುರುಳಿ ಆರಿಸಿಕೊಂಡು ಬೆರಳು ಕುಯ್ದುಕೊಂಡಿದ್ದು ನೆನಪಿದೆಯಾ? ಎರಡು ಲೇತು, ಒಂದು ಡ್ರಿಲ್ಲಿಂಗ್ ಮಷೀನು, ನಾಲ್ಕು ಹುಡುಗರು. ಒಂದೇ ಒಂದು ದೊಡ್ಡ ಫ್ಯಾಕ್ಟರಿಗೆ ಪಿನ್ನು, ಬುಷ್ಷು ಮಾಡಿಕೊಡುತ್ತಿದ್ದೆ. ಹದಿನಾರು ವರ್ಷ. ಬೇರೆ ಗಿರಾಕಿ ಹುಡುಕಲೇ ಇಲ್ಲ. ಯಾಕೆ ಹುಡುಕಬೇಕು, ಪ್ರತಿ ತಿಂಗಳು ಆರ್ಡರ್ ಬರುತ್ತಿತ್ತಲ್ಲ. ಒಂದು ಸಲ ಬಿಲ್ಲು ಮೂರು ತಿಂಗಳು ತಡವಾಯಿತು. ಆಮೇಲೆ ಆರು ತಿಂಗಳು. ಒಂದು ಸೋಮವಾರ ಹೋದರೆ ಗೇಟಿಗೆ ಬೀಗ. ನಮ್ಮ ಸಾಲಿನಲ್ಲಿ ಒಂಬತ್ತು ಶೆಡ್ಡು, ಒಂಬತ್ತಕ್ಕೂ ಅದೇ ಗಿರಾಕಿ. ಎರಡು ವರ್ಷದಲ್ಲಿ ಏಳು ಮುಚ್ಚಿದವು. ನನ್ನ ದೊಡ್ಡ ಲೇತನ್ನು ಗುಜರಿಯವನು ತೂಕ ಹಾಕಿ ತಗೊಂಡು ಹೋದ. ನಿನ್ನ ಅತ್ತೆ ಆ ದಿನ ಅಡುಗೆಯನ್ನೇ ಮಾಡಲಿಲ್ಲ.

ತಪ್ಪು ನನ್ನದೂ ಇತ್ತು. ಪಕ್ಕದ ಶೆಡ್ಡಿನವನ ಹತ್ತಿರ ಗ್ರೈಂಡಿಂಗ್ ಮಷೀನ್ ಇದೆ ಅಂತ ನನಗೆ ಗೊತ್ತಾಗಿದ್ದು ಅವನು ಅದನ್ನು ಮಾರಿದ ದಿನ! ನನ್ನ ಲೇತು, ಅವನ ಗ್ರೈಂಡಿಂಗ್, ಆಚೆಯವನ ಮಿಲ್ಲಿಂಗ್ ಸೇರಿದ್ದರೆ ಬೆಂಗಳೂರಿನವರಿಗೂ ಒಟ್ಟಿಗೆ ಕೊಟೇಶನ್ ಕೊಡಬಹುದಿತ್ತು. ಹೆಬ್ಬಾಳ, ಮೇಟಗಳ್ಳಿ, ಹೂಟಗಳ್ಳಿ, ಬೆಳವಾಡಿ ಇಷ್ಟೂ ಕಡೆ ಯಾರ ಹತ್ತಿರ ಯಾವ ಮಷೀನ್ ಇದೆ, ವಾರಕ್ಕೆ ಎಷ್ಟು ಗಂಟೆ ಖಾಲಿ ಇರುತ್ತದೆ ಅಂತ ಒಂದು ಪಟ್ಟಿ ಮಾಡಿಸು. ಇದಕ್ಕೆ ಸಮಾವೇಶ ಬೇಡ. ಬೈಕ್ ಇರೋ ಇಬ್ಬರು ಡಿಪ್ಲೊಮಾ ಹುಡುಗರು ಸಾಕು. ಪಕ್ಕದಲ್ಲೇ ಒಂದು ಕಾಲಂ ಹಾಕು: ಬಿಲ್ಲು ಎಷ್ಟು ದಿನಕ್ಕೆ ಬರುತ್ತದೆ. ಸಣ್ಣ ಉದ್ಯಮಕ್ಕೆ 45 ದಿನದೊಳಗೆ ದುಡ್ಡು ಕೊಡಬೇಕು ಅಂತ 2006ರ ಕಾಯ್ದೆಯೇ ಹೇಳುತ್ತದೆ. ನಮ್ಮ ಸಾಲಿನಲ್ಲಿ ಅದು ಯಾರಿಗೂ ಗೊತ್ತಿರಲಿಲ್ಲ. ಗೊತ್ತಿದ್ದರೂ ಇರೋ ಒಬ್ಬನೇ ಗಿರಾಕಿಯ ಮೇಲೆ ದೂರು ಕೊಡೋಕೆ ಯಾರಿಗೆ ಧೈರ್ಯ?

ಒಂದೇ ಕಾರ್ಖಾನೆ ನಂಬಿದ ಊರಿನ ಪಾಡು ನೋಡಬೇಕಾದರೆ ಮಂಡ್ಯಕ್ಕೆ ಹೋಗು. ಕನ್ನಂಬಾಡಿ ನೀರು ನಾಲೆಯಲ್ಲಿ ಬಂತು, ಕಬ್ಬು ಬಂತು, 1933ರಲ್ಲಿ ಮೈಷುಗರ್ ಸಕ್ಕರೆ ಕಾರ್ಖಾನೆ ಬಂತು, ಪಟ್ಟಣ ಅದರ ಸುತ್ತ ಬೆಳೆಯಿತು. ಆಮೇಲೆ ಅದೇ ಕಾರ್ಖಾನೆ ವರ್ಷಗಟ್ಟಲೆ ನಿಂತು 2022ರಲ್ಲಿ ಮತ್ತೆ ಶುರುವಾಯಿತು. ನಿಂತಿದ್ದಷ್ಟು ಕಾಲ ಕಬ್ಬು ಅರೆದವರಲ್ಲಿ ನಮ್ಮ ಹಳೇ ಆಲೆಮನೆಯವರೂ ಇದ್ದರು. ಅಲ್ಲೊಂದು ಇಲ್ಲೊಂದು, ಹೊಗೆ ಕಾರಿಕೊಂಡು.

ರಸ್ತೆ ಬಗ್ಗೆ ನೀನು ಬಹಳ ಆಸೆಯಿಂದ ಬರೆದಿದ್ದೀಯ. ರಸ್ತೆ ಅಗಲವಾದರೆ ವ್ಯಾಪಾರ ತಾನಾಗಿ ಬರುತ್ತದೆ ಅಂತ. 2023ರಲ್ಲಿ ಬೆಂಗಳೂರು-ಮೈಸೂರು ದಶಪಥ ಉದ್ಘಾಟನೆ ಆಯಿತಲ್ಲ, 118 ಕಿಲೋಮೀಟರ್. ಬೆಂಗಳೂರು ಹತ್ತಿರವಾಯಿತು, ಸರಿ. ಆದರೆ ಬೈಪಾಸ್ ಆದಮೇಲೆ ಮದ್ದೂರಿನಲ್ಲಿ ಗಾಡಿ ನಿಲ್ಲಿಸಿ ವಡೆ ತಿನ್ನೋರು ಎಷ್ಟು ಜನ ಉಳಿದರು? ಚನ್ನಪಟ್ಟಣದ ಬೊಂಬೆ ಅಂಗಡಿಯವರನ್ನು ಕೇಳು. ಹುಣಸೂರು ರಸ್ತೆಗೂ ಹೀಗೇನಾದರೂ ಆದರೆ ನಿಮ್ಮ ಅಂಗಡಿ ಸಾಲಿಗೆ ಇಳಿಯೋಕೆ ದಾರಿ ಎಲ್ಲಿ, ಗಾಡಿ ನಿಲ್ಲಿಸೋಕೆ ಜಾಗ ಎಲ್ಲಿ ಅಂತ ನಕ್ಷೆಯಲ್ಲಿ ಈಗಲೇ ಗುರುತು ಹಾಕಿಸು.

ಸೈಟ್ ವ್ಯಾಪಾರವನ್ನು ಅಭಿವೃದ್ಧಿ ಅಂತ ಲೆಕ್ಕ ಹಾಕಿದ್ದೀಯ, ಅದನ್ನು ಹೊಡೆದುಹಾಕು. ಸೈಟು ಒಂದು ಸಲ ಮಾರಾಟ ಆಗುತ್ತದೆ, ಆಮೇಲೆ ಹತ್ತು ವರ್ಷ ಪಾರ್ಥೇನಿಯಂ ಬೆಳೆಯುತ್ತದೆ.

ಇನ್ನೊಂದು ವಿಷಯ ನೀನು ಬಿಟ್ಟೇಬಿಟ್ಟಿದ್ದೀಯ. ಚೆಲುವಾಂಬ ಮ್ಯಾನ್ಷನ್‌ನಲ್ಲಿ 1950ರಿಂದ ಸಿಎಫ್‌ಟಿಆರ್‌ಐ ಇದೆ, ಕೇಂದ್ರದ ಆಹಾರ ಸಂಶೋಧನಾ ಸಂಸ್ಥೆ. ಎಮ್ಮೆ ಹಾಲಿನಿಂದ ಮಕ್ಕಳ ಆಹಾರ ಮಾಡೋ ವಿಧಾನ ಅಲ್ಲಿಂದ ಗುಜರಾತಿನ ಅಮುಲ್‌ಗೆ ಹೋಯಿತು. ಹಿನಕಲ್‌ನಲ್ಲಿ ಹಪ್ಪಳ, ಚಟ್ನಿಪುಡಿ ಮಾಡೋ ಸಂಘದವರು ಅದರ ಗೇಟು ದಾಟಿಲ್ಲ. ಕೇಂದ್ರದ ಕಿರು ಆಹಾರ ಉದ್ಯಮ ಯೋಜನೆಯಲ್ಲಿ ಮೈಸೂರಿಗೆ ಬಾಳೆ, ಮಂಡ್ಯಕ್ಕೆ ಬೆಲ್ಲ ಅಂತ ಗುರುತಿಸಿದ್ದಾರೆ. ನಂಜನಗೂಡು ರಸಬಾಳೆ ನಮ್ಮ ಪಕ್ಕದಲ್ಲೇ. ಒಂದು ಸಮುದಾಯ ಭವನದ ಅಡುಗೆಮನೆಗೆ ನೀರು, ಮೂರು ಫೇಸ್ ಕರೆಂಟು, ಒಂದು ಪ್ಯಾಕಿಂಗ್ ಮಷೀನ್ ಕೊಟ್ಟು ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಬಿಡಲಿ. ಮದುವೆ ಇಲ್ಲದ ದಿನ ಭವನ ಸುಮ್ನೆ ಬೀಗ ಹಾಕಿಕೊಂಡೇ ಇರುತ್ತದಲ್ಲ.

ದುಡ್ಡು ಎಲ್ಲಿಂದ ಅಂತ ಕೇಳುತ್ತೀಯ. ನಾನು ಹೇಳಿದ್ದರಲ್ಲಿ ಯಾವುದಕ್ಕೂ ಕೋಟಿ ಬೇಡ. ಬಜೆಟ್ ಪೂರ್ವಭಾವಿ ಸಭೆ ಕರೆಯುತ್ತಾರಲ್ಲ, ಅಲ್ಲಿ ಈ ಸಣ್ಣ ಬಾಬತ್ತುಗಳನ್ನು ಒಂದೊಂದಾಗಿ ಇಡಿಸು. ಪರಿಶಿಷ್ಟರಿಗೆ ಮೀಸಲಿಡೋ ಶೇ. 24.10ರ ಹಣ ಇದೆ. ಅದರಲ್ಲಿ ಆ ಜನರಿಗೆ ಉಪಕರಣ, ತರಬೇತಿ ಕೊಡಿಸಬಹುದಾ ಅಂತ ಲೆಕ್ಕಪತ್ರದವರ ಪಕ್ಕ ಕೂತು ಕೇಳು. ಬರೀ ಕಾಂಕ್ರೀಟ್ ರಸ್ತೆಗೆ ಹೋಗದಿರಲಿ.

ಮುಂದಿನ ಶನಿವಾರ ಬಂದುಬಿಡು. ಎರಡು ರಾತ್ರಿ ಇಲ್ಲೇ ಉಳಿದುಕೋ. ಸೋಮವಾರ ಐದಕ್ಕೆ ಎಬ್ಬಿಸುತ್ತೇನೆ, ಒಟ್ಟಿಗೆ ಕೂರ್ಗಳ್ಳಿಗೆ ಹೋಗೋಣ. ಪುಸ್ತಕ, ಪೆನ್ನು ತಾ, ಲ್ಯಾಪ್‌ಟಾಪ್ ಬೇಡ. ಏಳೂವರೆ ಒಳಗೆ ಹೋದರೆ ಇಡ್ಲಿ ಸಿಗುತ್ತದೆ. ಚಟ್ನಿ ಮಾತ್ರ ಖಾರ.

ನಿನ್ನ ಸೋದರಮಾವ